ಮನೆಗೊಂದು ಪ್ರಾಣಿ ಬೇಕು

ಸಾಕುಪ್ರಾಣಿಯ ಆಯ್ಕೆಯಲ್ಲಿ ಮಕ್ಕಳ ಹಟಕ್ಕಿಂತ ಮನೆಯ ಅಳತೆ ಮುಖ್ಯ. ಮುಧೋಳ ನಾಯಿ ಬೇಟೆಯನ್ನು ಕಣ್ಣಿಟ್ಟು ಬೆನ್ನಟ್ಟುವ ತಳಿ. 2005ರಲ್ಲಿ ಅಂಚೆಚೀಟಿಯೊಳಗೆ ತೆಪ್ಪಗೆ ನಿಂತಿತೆಂದು ಎರಡು ಕೋಣೆಯ ಫ್ಲ್ಯಾಟಿನಲ್ಲೂ ನಿಂತೀತು ಎಂದುಕೊಳ್ಳಬಾರದು. ಓಟಕ್ಕೆ ಬಯಲಿಲ್ಲದಿದ್ದರೆ ಸೋಫಾಕ್ಕೆ ಉಳಿಗಾಲವಿಲ್ಲ. ಹಿಮನಾಡಿನ ಹಸ್ಕಿಗೆ ಕಲಬುರಗಿಯ ಮೇ ತಿಂಗಳು ಶಿಕ್ಷೆ, ಯಜಮಾನನಿಗೆ ಎ.ಸಿ. ಬಿಲ್ಲು. ಬೆಕ್ಕು ವಾಕಿಂಗ್ ಕೇಳುವುದಿಲ್ಲ, ದಿನದ ಬಹುಪಾಲು ನಿದ್ದೆ. ಆದರೆ ಮನೆ ತನ್ನದು, ಉಳಿದವರೆಲ್ಲ ಬಾಡಿಗೆದಾರರು ಎಂಬುದು ಅದರ ದೃಢ ನಂಬಿಕೆ. ಗಿಳಿ, ನಕ್ಷತ್ರ ಆಮೆಗಳ ಆಸೆಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅಡ್ಡ ನಿಲ್ಲುತ್ತದೆ. ನಾಯಿಯ ಆಯಸ್ಸು ಹತ್ತು ಹನ್ನೆರಡು ವರ್ಷ. ಬೇಕೆಂದು ಅತ್ತ ಮಗ ಅಷ್ಟರಲ್ಲಿ ಹಾಸ್ಟೆಲ್ ಸೇರಿರುತ್ತಾನೆ. ಮುಂಜಾನೆ ಸರಪಳಿ ಹಿಡಿಯುವವರು, ರೇಬೀಸ್ ಲಸಿಕೆ ಹಾಕಿಸುವವರು ಯಾರೆಂದು ತರುವ ಮೊದಲೇ ತೀರ್ಮಾನಿಸಿಕೊಳ್ಳಿ.