ಎಲ್ಲರಿಗೂ ಒಂದೇ ಉಪ್ಪಿಟ್ಟು

ಮಕ್ಕಳೆಲ್ಲ ಒಂದೇ ರೀತಿ ಕಲಿಯುವುದಿಲ್ಲ ಎಂಬ ಸತ್ಯವನ್ನು ಮೇಷ್ಟ್ರುಗಳಿಗೆ ತಿಳಿಸಲು ಇಲಾಖೆ ತರಬೇತಿ ಇಟ್ಟುಕೊಳ್ಳುತ್ತದೆ. ಬಿಆರ್‌ಸಿ (ಕ್ಷೇತ್ರ ಸಂಪನ್ಮೂಲ ಕೇಂದ್ರ) ಸಭಾಂಗಣದಲ್ಲಿ ತಾಲ್ಲೂಕಿನ ಮೇಷ್ಟ್ರುಗಳನ್ನೆಲ್ಲ ಒಟ್ಟಿಗೆ ಕೂರಿಸಿ, ಎಲ್ಲರಿಗೂ ಅದೇ ಉಪ್ಪಿಟ್ಟು ಕೊಟ್ಟು, ಅದೇ ಪಿಪಿಟಿ ಓದಿ ಹೇಳುತ್ತಾರೆ: ‘ಎಲ್ಲರಿಗೂ ಒಂದೇ ಥರ ಪಾಠ ಮಾಡಬೇಡಿ.’ ನಿವೃತ್ತಿಯ ಅಂಚಿನವರೂ ಮೊನ್ನೆ ಸೇರಿದವರೂ ಅಲ್ಲಿ ಒಂದೇ ಬೆಂಚು. ಹಿಂದಿನ ಸಾಲಿನವರು ತೂಕಡಿಸಿದರೆ ಅದನ್ನು ಅವರ ‘ಕಲಿಕಾ ವೇಗ’ ಎಂದು ಯಾರೂ ಗೌರವಿಸುವುದಿಲ್ಲ.

ಒಬ್ಬೊಬ್ಬರಿಗೂ ಅವರವರ ವೇಗದಲ್ಲಿ ಕಲಿಸುವ ವಿದ್ಯೆ ನಮಗೆ ಹೊಸದೂ ಅಲ್ಲ. 1995ರಲ್ಲಿ ಎಚ್.ಡಿ. ಕೋಟೆಯ ಮೇಷ್ಟ್ರುಗಳು ಋಷಿವ್ಯಾಲಿ ಶಾಲೆಯ ಪದ್ಧತಿ ನೋಡಿ ಬಂದು ನಲಿ-ಕಲಿ ಎಂಬ ಕಲಿಕಾ ಕ್ರಮ ಕಟ್ಟಿದರು. ಕಾರ್ಡುಗಳು, ಕಲಿಕಾ ಏಣಿ, ಮಕ್ಕಳ ಕೈಗೆಟುಕುವ ಕಪ್ಪು ಹಲಗೆ. ಜ್ವರ ಬಂದು ವಾರ ತಪ್ಪಿಸಿಕೊಂಡ ಹುಡುಗಿ, ತಾನು ಬಿಟ್ಟ ಮೆಟ್ಟಿಲಿನಿಂದಲೇ ಮತ್ತೆ ಹತ್ತಬಹುದು. ಚೆನ್ನಾಗಿತ್ತು. ಚೆನ್ನಾಗಿದ್ದ ತಪ್ಪಿಗೆ 2009-10ರಲ್ಲಿ ಅದು ಆದೇಶವಾಗಿ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಇಳಿಯಿತು. ಏಣಿಯ ಬೆನ್ನಿಗೇ ತಪಾಸಣೆಯೂ ಬಂತು: ‘ಏನ್ರೀ, ಈ ಹುಡುಗ ಇನ್ನೂ ಇದೇ ಮೆಟ್ಟಿಲಲ್ಲಿದ್ದಾನೆ?’

ಕೋಣೆ ಒಂದು, ಟೀಚರ್ ಒಬ್ಬರು. ಒಂದರಿಂದ ಮೂರನೇ ತರಗತಿಯವರೆಲ್ಲ ಅಲ್ಲೇ. ಒಬ್ಬನ ಮನೆಮಾತು ಲಂಬಾಣಿ, ಇನ್ನೊಬ್ಬಳದು ತೆಲುಗು, ಮೂಲೆಯವನಿಗೆ ಕಿವಿ ಮಂದ. ಅಂಗವೈಕಲ್ಯದಲ್ಲಿ 21 ಬಗೆ ಎಂದು 2016ರ ಕಾಯ್ದೆ ಪಟ್ಟಿ ಮಾಡಿದೆ. ಟೀಚರ್ ಮಾತ್ರ ಒಂದೇ ಬಗೆ, ಬಿಡುವಿಲ್ಲದವರು. ಹಾಲು ಹಂಚಬೇಕು, ಎಸ್‌ಎಟಿಎಸ್ ಜಾಲತಾಣದಲ್ಲಿ ಮಕ್ಕಳ ವಿವರ ತುಂಬಬೇಕು, ಮೊಟ್ಟೆ ತಿನ್ನುವವರೆಷ್ಟು, ಬಾಳೆಹಣ್ಣಿನವರೆಷ್ಟು ಎಂದು ಲೆಕ್ಕ ಬರೆಯಬೇಕು. ಹಾಗೆ ನೋಡಿದರೆ, ಮಗುವಿನ ಅಗತ್ಯ ಕೇಳಿ ಬಡಿಸುವ ಪದ್ಧತಿ ನಮ್ಮ ಶಾಲೆಯಲ್ಲಿ ಪಕ್ಕಾ ಜಾರಿಯಾಗಿರುವುದು ಮೊಟ್ಟೆಯ ವಿಷಯದಲ್ಲೇ. ಅಕ್ಷರಕ್ಕೆ ಅಂಥ ಕಾಲಂ ಇಲ್ಲ.

ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಬಿಟ್ಟು ಬೇರಾವ ಶಿಕ್ಷಣೇತರ ಕೆಲಸಕ್ಕೂ ಮೇಷ್ಟ್ರನ್ನು ಹಚ್ಚಬಾರದು ಎಂದು ಶಿಕ್ಷಣ ಹಕ್ಕು ಕಾಯ್ದೆಯ 27ನೇ ಕಲಂ ಹೇಳುತ್ತದೆ. 2025ರ ಸೆಪ್ಟೆಂಬರ್‌ನಲ್ಲಿ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ ಶುರುವಾಯಿತು. ಮೇಷ್ಟ್ರುಗಳು ಮೊಬೈಲ್ ಹಿಡಿದು, ನೆಟ್‌ವರ್ಕ್ ಹುಡುಕುತ್ತ, ಮನೆಮನೆಗೂ ಅದೇ 60 ಪ್ರಶ್ನೆ ಕೇಳಿಕೊಂಡು ತಿರುಗಿದರು. ದಸರೆ ಮುಗಿದರೂ ಸಮೀಕ್ಷೆ ಮುಗಿಯಲಿಲ್ಲ. ಆಗ ರಾಜ್ಯದ ಶೈಕ್ಷಣಿಕ ಸ್ಥಿತಿಗತಿ ಅರಿಯುವ ಸಲುವಾಗಿ ಸರ್ಕಾರಿ, ಅನುದಾನಿತ ಶಾಲೆಗಳಿಗೆ ಅಕ್ಟೋಬರ್ 18ರವರೆಗೆ ರಜೆ ವಿಸ್ತರಿಸಲಾಯಿತು.