ಎಲ್ಲರೂ ಮೊಝಿಲ್ಲಾ!

ಯಾವುದೋ ಅರ್ಜಿ ತುಂಬಲು ಕೂತೆ. ಕ್ರೋಮ್‌ನಲ್ಲಿ ‘ಸಲ್ಲಿಸಿ’ ಗುಂಡಿಯೇ ನಾಪತ್ತೆ. ಫೈರ್‌ಫಾಕ್ಸ್‌ನಲ್ಲಿ ಗುಂಡಿಯೇನೋ ಇದೆ, ಆದರೆ ನನ್ನ ಜನ್ಮದಿನಾಂಕದ ಮೇಲೆ ಹತ್ತಿ ಕೂತಿದೆ. ಪುಟದ ಅಡಿಯಲ್ಲಿ ಅಪ್ಪಣೆ ಬೇರೆ: ‘ಇಂಟರ್ನೆಟ್ ಎಕ್ಸ್‌ಪ್ಲೋರರ್‌ನಲ್ಲೇ ನೋಡಿ’. ಆ ಪುಣ್ಯಾತ್ಮನಿಗೆ ಮೈಕ್ರೋಸಾಫ್ಟ್ 2022ರಲ್ಲೇ ಎಳ್ಳುನೀರು ಬಿಟ್ಟಾಯಿತು. ನಾನೀಗ ಅರ್ಜಿ ಹಿಡಿದು ಪಿತೃಲೋಕಕ್ಕೆ ಹೋಗಲೇ?

ವರ್ಲ್ಡ್ ವೈಡ್ ವೆಬ್ ಕನ್ಸಾರ್ಷಿಯಂ ಹುಟ್ಟಿದ್ದು 1994ರಲ್ಲಿ. ಪುಟಗಳು ಎಲ್ಲ ಬ್ರೌಸರುಗಳಲ್ಲೂ ಒಂದೇ ಥರ ಕಾಣಲೆಂದು ಅಂದಿನಿಂದ ನಿಯಮ ಬರೆಯುತ್ತಲೇ ಇದೆ, ಪಾಪ. ಈ ಬ್ರೌಸರುಗಳೋ, ತಮ್ಮ ಹೆಸರನ್ನೇ ನೆಟ್ಟಗೆ ಹೇಳುವುದಿಲ್ಲ! ನೆಟ್‌ಸ್ಕೇಪ್ ಬ್ರೌಸರ್ ತನ್ನನ್ನು ‘ಮೊಝಿಲ್ಲಾ’ ಎನ್ನುತ್ತಿದ್ದ ಕಾಲದಲ್ಲಿ ಎಷ್ಟೋ ತಾಣಗಳು ಆ ಹೆಸರು ಹೇಳಿದವರಿಗೆ ಮಾತ್ರ ಚಂದದ ಪುಟ ಕೊಡುತ್ತಿದ್ದವು. ಎಕ್ಸ್‌ಪ್ಲೋರರ್ ಅದೇ ಹೆಸರು ಹೇಳಿ ಒಳಗೆ ನುಸುಳಿತು. ಇವತ್ತಿಗೂ ಕ್ರೋಮ್, ಸಫಾರಿ, ಎಡ್ಜ್ ಎಲ್ಲವೂ ‘ಮೊಝಿಲ್ಲಾ/5.0’ ಎಂದೇ ಪರಿಚಯ ಹೇಳಿಕೊಳ್ಳುತ್ತವೆ. ಕ್ರೋಮ್ ಅಂತೂ ಅದೇ ಉಸಿರಿನಲ್ಲಿ ತಾನು ಸಫಾರಿಯೂ ಹೌದು ಅನ್ನುತ್ತದೆ. ನಮ್ಮದು ಇನಿಷಿಯಲ್ ಹಿಂದುಮುಂದಾದರೂ ಸಾಕು, ಅಫಿಡವಿಟ್ ಕೇಳುತ್ತಾರೆ.