ಫಸ್ಟ್ ಕ್ಲಾಸ್ ಕಂಡೀಷನ್

ಬಡಾವಣೆಯಲ್ಲಿ ಯಾರ ಮನೆಗಾದರೂ ಹೊಸ ಫ್ರಿಜ್ ಬಂದರೆ ಅಕ್ಕಪಕ್ಕದವರು ಅದರ ಬಣ್ಣ, ಬಾಗಿಲು, ಬೆಲೆ ವಿಚಾರಿಸುತ್ತಾರೆ. ಒಬ್ಬರು ಮಾತ್ರ ಹೊಸದರ ಕಡೆ ತಿರುಗಿಯೂ ನೋಡದೆ, "ಹಳೇದು ಏನ್ಮಾಡಿದ್ರಿ?" ಎಂದು ಕೇಳುತ್ತಾರೆ. ಎಕ್ಸ್‌ಚೇಂಜಿಗೆ ಕೊಟ್ಟೆವು ಎಂದರೆ ಮುಖದಲ್ಲಿ ಸೂತಕದ ಕಳೆ. "ಕಂಪ್ರೆಸರ್ ಗಟ್ಟಿಯಾಗಿತ್ತಲ್ಲ..." ಎಂದು ಗೇಟಿನ ಹತ್ತಿರ ಸ್ವಲ್ಪ ಹೊತ್ತು ನಿಂತು, ಮಾತಿಲ್ಲದೆ ಮನೆಗೆ ಹೋಗುತ್ತಾರೆ.

ಇವರನ್ನು ರಿಪೇರಿ ರಾಯರು ಎನ್ನೋಣ. ಬೆಂಗಳೂರಿನ ತ್ಯಾಗರಾಜನಗರದಲ್ಲಿ ಇಂಥವರೊಬ್ಬರಿದ್ದಾರೆ; ಮೈಸೂರು, ಹಾಸನ, ದಾವಣಗೆರೆಯ ಓದುಗರಿಗೆ ತಂತಮ್ಮ ರಸ್ತೆಯ ರಾಯರು ಈಗಾಗಲೇ ನೆನಪಾಗಿರುತ್ತಾರೆ. ಬ್ಯಾಂಕು, ಟೆಲಿಫೋನ್ಸ್ ಅಥವಾ ಯಾವುದಾದರೂ ಸರ್ಕಾರಿ ಕಾರ್ಖಾನೆಯಿಂದ ನಿವೃತ್ತಿ. ಜೇಬಿನಲ್ಲಿ ಪೆನ್ನಿನ ಪಕ್ಕ ಟೆಸ್ಟರ್. ಭಾನುವಾರ ಬೆಳಿಗ್ಗೆ ದೇವರ ಪೂಜೆಗಿಂತ ಮುಂಚೆ ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯ ಹತ್ತಿರದ ಸಂಡೇ ಬಜಾರಿನಲ್ಲಿ ಹಾಜರಿ. ಬರುವಾಗ ಕೈಚೀಲದ ತುಂಬ ಯಾರಿಗೂ ಬೇಡವಾದ ನಾಬು, ಬುಷ್ಷು, ಕಪ್ಲರು.

ಆದರೆ ಇವರನ್ನು ಆ್ಯಂಟಿಕ್ ಸಂಗ್ರಹಿಸುವವರ ಸಾಲಿಗೆ ಸೇರಿಸಿದರೆ ರಾಯರು ಕೆರಳುತ್ತಾರೆ. ಹೋಟೆಲಿನ ಗೂಡಿನಲ್ಲಿ ಅಲಂಕಾರಕ್ಕೆಂದು ಹಳೇ ರೇಡಿಯೊ ಇಟ್ಟಿದ್ದರೆ, ತಟ್ಟೆಯ ದೋಸೆ ಬಿಟ್ಟು ಎದ್ದುಹೋಗಿ ಅದರ ಬೆನ್ನಿನ ಹಲಗೆಯ ಸಂದಿಯಲ್ಲಿ ಇಣುಕುತ್ತಾರೆ. ಒಳಗೆ ಖಾಲಿ ಇದ್ದರೆ ಮಾಣಿಯನ್ನು ಕರೆದು, "ಇದರ ಚಾಸಿ ಎಲ್ಲಪ್ಪಾ?" ಎಂದು ವಿಚಾರಣೆ. ಮಾಣಿ ಇನ್ನೊಂದು ಬಟ್ಟಲು ಚಟ್ನಿ ತಂದಿಡುತ್ತಾನೆ. ಓಡದ ಯಂತ್ರ ರಾಯರಿಗೆ ಯಂತ್ರವೇ ಅಲ್ಲ. ತಮ್ಮ ಮನೆಯಲ್ಲಿರುವುದೆಲ್ಲ ಫಸ್ಟ್ ಕ್ಲಾಸ್ ಕಂಡೀಷನ್ ಎಂಬುದು ಅವರ ಹೆಮ್ಮೆ.

ಕಂಡೀಷನ್ ಹೌದು, ಷರತ್ತುಗಳೇ ತುಂಬಾ ಇವೆ. ಟೇಬಲ್ ಫ್ಯಾನು ಸ್ವಿಚ್ ಹಾಕಿದ ಮೇಲೆ ಕೊಡೆಯ ತುದಿಯಿಂದ ಒಂದು ಸಲ ತಳ್ಳಿಸಿಕೊಂಡು ತಿರುಗುತ್ತದೆ. ಇಸ್ತ್ರಿ ಪೆಟ್ಟಿಗೆಗೆ ಥರ್ಮೋಸ್ಟಾಟ್ ಇಲ್ಲ. ನೀರು ಚಿಮುಕಿಸಿ ಚುಂಯ್ ಸದ್ದು ಕೇಳಿ, ಅಂದಾಜಿನ ಮೇಲೆ ಪ್ಲಗ್ ಕೀಳಬೇಕು. ಎರಡು ಕಡೆ ಬಾಗಿಲಿರುವ ಟೋಸ್ಟರಿನಲ್ಲಿ ಬ್ರೆಡ್ಡನ್ನು ಕೈಯಾರೆ ಮಗುಚಬೇಕು, ಮಾತಿಗೆ ನಿಂತರೆ ಇದ್ದಲು. ಫ್ರಿಜ್ಜಿನ ಬಾಗಿಲನ್ನು ಮೊಣಕಾಲಿನಿಂದ ಸ್ವಲ್ಪ ಎತ್ತಿ ಮುಚ್ಚಬೇಕು. ಇನ್ನು ಎರಡು ಪಿನ್ನಿನ ಕಾಲದ ಒಂದೆರಡು ಸಾಮಾನುಗಳಿಗೆ ಅರ್ಥಿಂಗ್ ಎಂಬುದೇ ಇಲ್ಲ. "ಸ್ವಲ್ಪ ಜುಮ್ ಅನ್ನುತ್ತೆ, ಅಷ್ಟೇ. ಚಪ್ಪಲಿ ಹಾಕ್ಕೊಂಡು ಮುಟ್ಟು," ಎಂದು ರಾಯರು ಧೈರ್ಯ ಹೇಳುತ್ತಾರೆ. ನೆಂಟರು ಬಂದರೆ ಅವರ ಮನೆಯಲ್ಲಿ ಯಾವುದನ್ನೂ ಮುಟ್ಟದೆ, ಕೈಕಟ್ಟಿ ಕೂತು ಕಾಫಿ ಕುಡಿದು ಏಳುವುದು ಇದೇ ಕಾರಣಕ್ಕೆ.

ಅಡುಗೆಮನೆಯ ಪಟ್ಟದರಸಿ ಸುಮೀತ್ ಮಿಕ್ಸಿ. ಅದರ ಸ್ಥಳಪುರಾಣವನ್ನು ಮದುವೆಮನೆಯ ಪಂಕ್ತಿಯಲ್ಲಿ ಪಕ್ಕಕ್ಕೆ ಕೂತವರಿಗೆ ಹುಳಿಯನ್ನಕ್ಕೆ ಶುರುಮಾಡಿ ಮಜ್ಜಿಗೆಗೆ ಮುಗಿಸುತ್ತಾರೆ. ಸೀಮೆನ್ಸ್ ಕಂಪನಿಯಲ್ಲಿ ಎಂಜಿನಿಯರಾಗಿದ್ದ ಸತ್ಯಪ್ರಕಾಶ ಮಾಥುರ್ ಅವರ ಮನೆಯಲ್ಲಿದ್ದ ವಿದೇಶಿ ಮಿಕ್ಸರಿನ ಮೋಟಾರು ನಮ್ಮ ದೇಶದ ರುಬ್ಬುವ ಕೆಲಸ ತಾಳದೆ ಸುಟ್ಟುಹೋಯಿತು. ಹೆಂಡತಿ ಮಾಧುರಿ ಅವರಿಗಾಗಿ ಗಂಡ ಇಲ್ಲಿಯ ಅಡುಗೆಗೆ ತಕ್ಕ ಮೋಟಾರನ್ನೇ ಹೊಸದಾಗಿ ರೂಪಿಸಿದರು. 1963ರಲ್ಲಿ ಶುರುವಾದ ಸುಮೀತ್ ಕಥೆ ಅದು. "ಕೇಕಿನ ಹಿಟ್ಟು ಕಲೆಸೋ ಮೋಟಾರಿಗೆ ಉದ್ದಿನಬೇಳೆ ಹಾಕಿದ್ರೆ ಏನಾಗುತ್ತೆ ಹೇಳಿ?" ಎಂದು ರಾಯರು ಕೇಳುವಾಗ ಪಕ್ಕದವರ ಎಲೆಗೆ ಪಾಯಸ ಬೀಳದೆ ದಾಟಿಹೋಗಿರುತ್ತದೆ. ಮುಂದೆ ಇಂಗಾಲದ ಬ್ರಶ್ಶಿನ ಅಧ್ಯಾಯ. ಮಿಕ್ಸಿಯ ಮೋಟಾರಿನಲ್ಲಿ ತಿರುಗುವ ಆರ್ಮೇಚರಿಗೆ ಕರೆಂಟು ಹರಿಯುವುದು ಬೆರಳ ತುದಿಯಷ್ಟಿರುವ ಎರಡು ಕಾರ್ಬನ್ ತುಂಡುಗಳ ಮೂಲಕ. ಅವು ಸವೆಯುತ್ತವೆ, ಸವೆಯಲೆಂದೇ ಇರುವುದು. ಅಳತೆ ಸಿಗದಿದ್ದರೆ ದೊಡ್ಡದನ್ನು ತಂದು ಉಪ್ಪುಕಾಗದದ ಮೇಲೆ ತಿಕ್ಕಿ ಕೂರಿಸಬೇಕು. ಈ ತಿಕ್ಕಾಟ ಸದಾ ಹಬ್ಬದ ಮುಂಚಿನ ಸಂಜೆಯೇ ಏಕೆ ನಡೆಯುತ್ತದೆಂಬುದಕ್ಕೆ ರಾಯರ ಶ್ರೀಮತಿಯವರ ಬಳಿ ಒಂದು ವಿವರಣೆಯಿದೆ. ಅದು ಅಚ್ಚಿಗೆ ಯೋಗ್ಯವಲ್ಲ.

ರಾಯರಿಗೆ ಒಬ್ಬ ಷಡ್ಡಕನಿದ್ದಾನೆ. ಪತ್ರಿಕೆಗಳಿಗೆ ಏನೇನೋ ಬರೆದುಕೊಂಡಿರುವವನು. ಅವನು ಯಾರೆಂದು ಓದುಗರು ಊಹಿಸಬಾರದೆಂದು ಪ್ರಾರ್ಥನೆ. ಮಗಳ ಬಾಣಂತನಕ್ಕೆ ರಾಯ ದಂಪತಿ ಪುಣೆಗೆ ಹೊರಟಾಗ ಮನೆಯ ಬೀಗದ ಕೈ ಬಂದದ್ದು ಇವನ ಕೈಗೆ. ಗಿಡಕ್ಕೆ ನೀರು ಹಾಕುವುದು, ಹಾಲಿನವನಿಗೆ ಬೇಡವೆನ್ನುವುದು, ಇಷ್ಟೇ ಎಂದುಕೊಂಡು ಹೋದವನ ಮುಂದೆ ರಾಯರು ಉದ್ದನೆಯ ಲೆಕ್ಕದ ಪುಸ್ತಕವೊಂದನ್ನು ಬಿಚ್ಚಿದರು. ವಾರದ ಯಾವ ದಿನ ಯಾವ ಯಂತ್ರವನ್ನು ಎಷ್ಟು ಹೊತ್ತು ಓಡಿಸಬೇಕು ಎಂಬ ಪಟ್ಟಿ. ಬಳಸದೆ ಇಟ್ಟರೆ ಕೆಡುತ್ತವಂತೆ. ನಗುವ ಮಾತಲ್ಲ, ನಿಜವೇ. ಹಳೇ ರೇಡಿಯೊದ ಎಲೆಕ್ಟ್ರೋಲಿಟಿಕ್ ಕಂಡೆನ್ಸರುಗಳ ಒಳಗೆ ತೆಳ್ಳನೆಯ ಆಕ್ಸೈಡ್ ಪದರವಿರುತ್ತದೆ. ಬಹುಕಾಲ ವೋಲ್ಟೇಜ್ ಕಾಣದಿದ್ದರೆ ಅದು ಹಾಳಾಗುತ್ತದೆ, ಆಮೇಲೆ ಒಮ್ಮೆಲೇ ಸ್ವಿಚ್ ಒತ್ತಿದರೆ ಕಂಡೆನ್ಸರು ಸಿಡಿಯಲೂಬಹುದು. ಫ್ಯಾನಿನ ಎಣ್ಣೆ ಗೋಂದಾಗುತ್ತದೆ. ರಬ್ಬರು ಬಿರಿಯುತ್ತದೆ.

ಹೀಗಾಗಿ ಷಡ್ಡಕ ವಾರಕ್ಕೆರಡು ಸಂಜೆ ಮರ್ಫಿ ರೇಡಿಯೊದ ಸೇವೆಗೆ ನಿಂತ. ನೇರವಾಗಿ ಪ್ಲಗ್ಗಿಗೆ ಹಾಕುವಂತಿಲ್ಲ. ಮರದ ಹಲಗೆಯೊಂದರ ಮೇಲೆ ಒಂದು ಹೋಲ್ಡರು, ಪಕ್ಕದಲ್ಲಿ ಒಂದು ಪ್ಲಗ್ ಪಾಯಿಂಟು. ರಾಯರು ಇದಕ್ಕೆ ಸೀರೀಸ್ ಬಲ್ಬು ಎನ್ನುತ್ತಾರೆ. ಗೋಡೆಯ ಕರೆಂಟು 100 ವ್ಯಾಟಿನ ಬಲ್ಬನ್ನು ಹಾದು ರೇಡಿಯೊಗೆ ಹೋಗಬೇಕು. ಒಳಗೆಲ್ಲೋ ಶಾರ್ಟ್ ಆಗಿದ್ದರೆ ಬಲ್ಬು ಝಗ್ಗನೆ ಪೂರ್ತಿ ಉರಿಯುತ್ತದೆ, ರೇಡಿಯೊ ಬದುಕುತ್ತದೆ. ಎಲ್ಲ ಸರಿಯಿದ್ದರೆ ಬಲ್ಬು ಒಮ್ಮೆ ಮಿನುಗಿ, ಮಂಕಾಗಿ, ಕೆಂಪು ತಂತಿಯಷ್ಟೇ ಕಾಣುತ್ತದೆ. ಈ ಕೆಲಸಕ್ಕೆ ಎಲ್‌ಇಡಿ ಬಲ್ಬು ಒದಗುವುದಿಲ್ಲ, ಫಿಲಮೆಂಟ್ ಬಲ್ಬೇ ಆಗಬೇಕು. 1936ರಲ್ಲಿ ಶುರುವಾಗಿ ಊರಿಗೆಲ್ಲ ಬಲ್ಬು ಒದಗಿಸಿದ ಮೈಸೂರು ಲ್ಯಾಂಪ್ಸ್ ಬಾಗಿಲು ಹಾಕಿ ಎಷ್ಟೋ ವರ್ಷವಾಗಿದೆ. ಆದ್ದರಿಂದ ರಾಯರ ಮಂಚದ ಕೆಳಗೆ ಹಳೇ ಪಂಚೆಯಲ್ಲಿ ಸುತ್ತಿಟ್ಟ ಬಲ್ಬುಗಳ ದಾಸ್ತಾನಿದೆ. ಒಡೆದರೆ ಎಂಬ ಭಯಕ್ಕೆ ಆ ಮಂಚದ ಮೇಲೆ ಯಾರೂ ಜೋರಾಗಿ ಕೂರುವಂತಿಲ್ಲ.

ಬಲ್ಬು ಕೆಂಪಾದರೆ ಮುಗಿಯಲಿಲ್ಲ. ಪುಸ್ತಕದ ಮುಂದಿನ ಸಾಲು: ಮನೆಯ ಎಲ್‌ಇಡಿ ದೀಪಗಳನ್ನೆಲ್ಲ ಆರಿಸು, ಚಾರ್ಜರುಗಳನ್ನೆಲ್ಲ ಕಿತ್ತಿಡು. ಇವುಗಳ ಒಳಗಿನ ಸರ್ಕ್ಯೂಟು ಎಬ್ಬಿಸುವ ಗದ್ದಲ ಮೀಡಿಯಂ ವೇವನ್ನು ಕೆಡಿಸುತ್ತದೆ ಎನ್ನುವುದೂ ಸತ್ಯ. ಅಂತೂ ಕತ್ತಲೆಯಲ್ಲಿ, ಕೆಂಪು ತಂತಿಯ ಬೆಳಕಿನಲ್ಲಿ, ಚಪ್ಪಲಿ ಹಾಕಿಕೊಂಡು, ಷಡ್ಡಕ ನಾಬು ತಿರುಗಿಸುತ್ತ ಕೂತ. ಹಾದಿಯಲ್ಲಿ ಹೋಗುವ ಒಬ್ಬರು ಇಣುಕಿ, "ನಿಮ್ಮಲ್ಲೂ ಕರೆಂಟ್ ಇಲ್ವಾ ಸಾರ್?" ಎಂದರು. ಅಷ್ಟರಲ್ಲಿ ಪುಣೆಯಿಂದ ಫೋನು. "ಹಾಕಿದೆಯೇನಯ್ಯಾ? ಫೋನ್ ಸ್ಪೀಕರ್ ಹತ್ರ ಹಿಡಿ ನೋಡೋಣ." ಹಿಡಿದ. ರೇಡಿಯೊ ಡರ್ರ್ ಎಂದಿತು. "ಕೇಳಿಸ್ತಾ? ಫಿಲ್ಟರ್ ಕಂಡೆನ್ಸರ್ ಸುಸ್ತಾಗಿದೆ!" ಎಂದು ರಾಯರು ಎಂಟುನೂರು ಕಿಲೋಮೀಟರ್ ದೂರದಿಂದ ನಾಡಿ ಹಿಡಿದರು. ಫೋನು ಪಕ್ಕಕ್ಕೆ ಸರಿಸಿದೊಡನೆ ಡರ್ರ್ ನಿಂತಿತು. ಅದು ಫೋನಿನದೇ ಸದ್ದು ಎಂದು ತಿಳಿಸುವ ಪ್ರಯತ್ನ ಫಲಿಸಲಿಲ್ಲ. ಮೊಮ್ಮಗನ ತೂಕವೆಷ್ಟು ಎಂದು ಕೇಳಿದರೆ, "ಚೆನ್ನಾಗಿದ್ದಾನೆ, ಚೆನ್ನಾಗಿದ್ದಾನೆ. ವಾಲ್ವ್ ಎಲ್ಲಾ ಕಾದಿದೆಯಾ ನೋಡು," ಎಂಬ ಉತ್ತರ.

ವಾಲ್ವ್ ಕಾದಿತ್ತು. ಅರ್ಧ ನಿಮಿಷ ಬೇಕು ಅದಕ್ಕೆ. ಹಿಂದಿನ ಹಲಗೆಯ ತೂತುಗಳಲ್ಲಿ ಕಿತ್ತಳೆ ಬೆಳಕು, ಬಿಸಿಯಾದ ಧೂಳಿನ ವಾಸನೆ, ಮುಂದೆ ಮ್ಯಾಜಿಕ್ ಐ ಎಂಬ ಹಸಿರು ಕಣ್ಣು. ಮುಳ್ಳು 612 ಕಿಲೋಹರ್ಟ್ಸಿನ ಹತ್ತಿರ ಬಂದಂತೆ ಕಣ್ಣಿನ ಎರಡು ರೆಪ್ಪೆ ಒಂದನ್ನೊಂದು ಸಮೀಪಿಸುತ್ತವೆ. ಬೆಂಗಳೂರು ಆಕಾಶವಾಣಿ ಕೇಳುತ್ತದೆ. ಔಟ್‌ಪುಟ್ ವಾಲ್ವಿನ ಮೇಲೆ ಬಿಇಎಲ್ ಎಂಬ ಮಾಸಿದ ಅಕ್ಷರ. ಜಾಲಹಳ್ಳಿಯ ಆ ಕಾರ್ಖಾನೆ 1961ರಲ್ಲಿ ರೇಡಿಯೊ ವಾಲ್ವ್ ತಯಾರಿಸಲು ತೊಡಗಿತ್ತು. ಊರಿನ ಒಂದು ಮೂಲೆಯಲ್ಲಿ ಹುಟ್ಟಿದ ಗಾಜಿನ ಬುಡ್ಡಿ ಇನ್ನೊಂದು ಮೂಲೆಯಲ್ಲಿ ಇನ್ನೂ ಹಾಡುತ್ತಿದೆಯೆಂದು ಷಡ್ಡಕನಿಗೆ ಯಾಕೋ ಖುಷಿಯಾಯಿತು. ಅರ್ಧ ಗಂಟೆ ಸಾಕೆಂದು ಪುಸ್ತಕ ಹೇಳಿದ್ದರೂ ವಾರ್ತೆಯಾದ ಮೇಲೆ ಬಂದ ಕೃಷಿರಂಗವನ್ನೂ, ತೆಂಗಿನ ಗೊನೆಗೆ ಬರುವ ರೋಗದ ಸಮೇತ ಕೇಳಿದ. ಅವನಿಗೆ ತೋಟವಿಲ್ಲ. ಬಳಸಿ ಬಿಸಾಡುವ ಸಂಸ್ಕೃತಿಯನ್ನು ಖಂಡಿಸಿ ಲೇಖನ ಬರೆಯುವ ಅವನ ಲ್ಯಾಪ್‌ಟಾಪಿನ ಬ್ಯಾಟರಿಯನ್ನು ಅಂಟು ಹಾಕಿ ಕೂರಿಸಿದ್ದಾರೆ, ತೆಗೆಯಲು ಬರುವುದಿಲ್ಲ. ಆ ಮಾತು ಬೇರೆ.

ಹಾಗೆಂದು ರಾಯರನ್ನು ಪರಿಸರದ ಸಂತನನ್ನಾಗಿ ಮಾಡುವ ಅಗತ್ಯವಿಲ್ಲ. ಅವರ ಹಳೇ ಸೀಲಿಂಗ್ ಫ್ಯಾನು 75 ವ್ಯಾಟ್ ತಿನ್ನುವ ಕಡೆ ಈಗಿನ ಬಿಎಲ್‌ಡಿಸಿ ಫ್ಯಾನು 30ರಲ್ಲಿ ಸುಧಾರಿಸುತ್ತದೆ. ಪೆಟ್ಟಿಗೆಯಂಥ ಹಳೇ ರೆಗ್ಯುಲೇಟರು ಫ್ಯಾನಿನ ವೇಗ ಇಳಿಸಿದಾಗ ಉಳಿದ ಕರೆಂಟನ್ನು ಬಿಸಿ ಮಾಡಿ ಕಳೆಯುತ್ತದೆ. ಗೋಡೆ ಬೆಚ್ಚಗಿರುತ್ತದೆ, ಅಷ್ಟೇ ಲಾಭ. ಫ್ರಿಜ್ಜಿನ ವಿಷಯವಂತೂ ಅಂತಾರಾಷ್ಟ್ರೀಯ. ಅದರೊಳಗಿರುವುದು ಆರ್-12 ಅನಿಲ, ಓಜೋನ್ ಪದರವನ್ನು ತಿನ್ನುವ ಜಾತಿ. 1987ರ ಮಾಂಟ್ರಿಯಲ್ ಒಪ್ಪಂದದ ಪ್ರಕಾರ 2010ರ ಹೊತ್ತಿಗೆ ನಮ್ಮಂಥ ದೇಶಗಳೂ ಅದನ್ನು ಕೈಬಿಡಬೇಕಾಯಿತು. ಬದಲಿಗೆ ಬಂದ ಆರ್-134ಎ ಹಳೇ ಕಂಪ್ರೆಸರಿನ ಎಣ್ಣೆಯೊಂದಿಗೆ ಬೆರೆಯುವುದಿಲ್ಲ. ಅಂದರೆ ಒಳಗಿನ ಅನಿಲ ಸೋರಿತೋ, ಕಥೆ ಮುಗಿಯಿತು. ಅದಕ್ಕೇ ಆ ಮನೆಯಲ್ಲಿ ಫ್ರೀಜರಿನ ಐಸು ಕೆರೆಯಲು ಚಾಕು ಹಿಡಿದು ಯಾರಾದರೂ ಹೋದರೆ ರಾಯರು ಹಜಾರದಿಂದ ಕಿರುಚುತ್ತಾರೆ. ತೆಳ್ಳನೆಯ ಅಲ್ಯೂಮಿನಿಯಂ ಕೊಳವೆಗೆ ಮೊನೆ ತಾಗಿದರೆ ಆಯಿತಲ್ಲ. ಬಿಸಿನೀರಿನ ಬಟ್ಟಲಿಟ್ಟು ಬಾಗಿಲು ತೆರೆದು ಕಾಯಬೇಕು. ಓಜೋನಿಗೂ ಅವರಿಗೂ ಇಲ್ಲಿ ಹಿತ ಒಂದೇ: ಸೋರಬಾರದು.

ಹಿಂದೊಮ್ಮೆ ಯಾರೋ ನೆಂಟರು ಅರಿಶಿನದ ಕೊಂಬು ಹಾಕಿ ತಿರುಗಿಸಿ ಸುಮೀತಿನ ಆರ್ಮೇಚರ್ ಸುಟ್ಟಾಗ ರಾಯರು ಅದನ್ನು ವೈಂಡಿಂಗ್ ಅಂಗಡಿಗೆ ಒಯ್ದರು. ಕಾಲು ಚಾಚಲು ಜಾಗವಿಲ್ಲದ ಮಳಿಗೆ. ಸಾಹೇಬರೊಬ್ಬರು ಕನ್ನಡಕ ಹಣೆಗೇರಿಸಿ, ಸುಟ್ಟ ತಂತಿಯನ್ನು ಬಿಚ್ಚುತ್ತಲೇ ಸುತ್ತು ಎಣಿಸಿಕೊಂಡು, ಗೇಜ್ ನೋಡಿ, ಕೂದಲಿನಷ್ಟು ತೆಳ್ಳನೆಯ ಎನಾಮಲ್ ತಂತಿಯನ್ನು ಸಂದು ಸಂದಿಗೂ ಸುತ್ತಿ ಕೂರಿಸಿದರು. ವಾರ್ನಿಷ್ ಹಾಕಿ ಒಣಗಿಸಿ ಕೊಟ್ಟಾಗ ಕೂಲಿ ಹೊಸ ಮಿಕ್ಸಿಯ ಬೆಲೆಯ ಹತ್ತಿರ ಬಂದಿತ್ತು. ಸಾಹೇಬರೇ ಸಂಕೋಚಪಟ್ಟು, "ಹೊಸದೇ ತಗೋಬಹುದಿತ್ತು ಸಾರ್," ಎಂದರಂತೆ. ಅವರ ಮಗ ಏರ್‌ಪೋರ್ಟ್ ಟ್ಯಾಕ್ಸಿ ಓಡಿಸುತ್ತಾನೆ. ರಾಯರು ಈಗಲೂ ಆ ಕಡೆ ಹೋದರೆ, ಕೆಲಸವಿಲ್ಲದಿದ್ದರೂ ಸ್ಟೂಲಿನ ಮೇಲೆ ಸ್ವಲ್ಪ ಹೊತ್ತು ಕೂತು ಬರುತ್ತಾರೆ. ಸುಟ್ಟರೆ ಸುತ್ತುವವರು ಇರುವವರೆಗೆ ಮಾತ್ರ ತಮ್ಮದೆಲ್ಲ ಫಸ್ಟ್ ಕ್ಲಾಸ್ ಎಂಬುದು ಅವರಿಗೆ ಗೊತ್ತಿದೆ. ಲೆಕ್ಕದ ಪುಸ್ತಕದಲ್ಲಿ ಕೊಡೆಯ ತುದಿ, ಮೊಣಕಾಲು, ಚುಂಯ್ ಸದ್ದು ಎಲ್ಲವನ್ನೂ ಬರೆದಿಟ್ಟಿರುವುದೂ ಆ ಭಯಕ್ಕೇ ಇರಬೇಕು. ಬರೆದದ್ದನ್ನು ಓದುವವರು ಯಾರು ಎಂದು ಮಗಳು ಕೇಳಿದ್ದಾಳೆ. ರಾಯರು ಉತ್ತರ ಕೊಡದೆ ಹೊಸ ಪುಟಕ್ಕೆ ಗೆರೆ ಎಳೆದರು.

ಈಗ ಮನೆಯನ್ನು ಬಿಲ್ಡರಿಗೆ ಕೊಡುವ ಮಾತು ನಡೆದಿದೆ. ಎರಡು ವರ್ಷ ಬಾಡಿಗೆಯ ಫ್ಲಾಟು, ಆಮೇಲೆ ಇಲ್ಲೇ ಮೂರನೇ ಮಹಡಿ. ಮಗಳು ಪುಣೆಯಿಂದಲೇ ಪಟ್ಟಿ ಕಳಿಸಿದ್ದಾಳೆ: ಏನು ಬರಬೇಕು, ಏನು ಗುಜರಿಗೆ. ಇಷ್ಟು ವರ್ಷ ಈ ಸಾಮಾನುಗಳಿಗೆಲ್ಲ ಶಾಪ ಹಾಕಿಕೊಂಡು ಬಂದ ಶ್ರೀಮತಿಯವರು ಆ ಪಟ್ಟಿಯಲ್ಲಿ ಸುಮೀತಿನ ಹೆಸರಿಗೆ ಹೊಡೆದ ಗೀಟನ್ನು ತಾವೇ ಅಳಿಸಿದರು. ಮಗಳು ಉಡುಗೊರೆ ಕೊಟ್ಟ ಮೂರು ಜಾರಿನ ಹೊಸ ಮಿಕ್ಸಿ ಅಟ್ಟದ ಮೇಲೆ ಪೆಟ್ಟಿಗೆಯಲ್ಲೇ ಇದೆ. "ಚಟ್ನಿಪುಡಿ ತಿರುವೋಷ್ಟರಲ್ಲಿ ಅದು ಕಾದು ನಿಂತುಬಿಡುತ್ತೆ ಕಣೇ," ಎಂದು ಫೋನಿನಲ್ಲಿ ಹೇಳಿದ್ದು ಕೇಳಿ ರಾಯರು ಪೇಪರಿನ ಹಿಂದೆ ಮುಖ ಮುಚ್ಚಿಕೊಂಡರಂತೆ.

ಉಳಿದ ಸಾಮಾನುಗಳಿಗೆ ರಾಯರು ತಾವೇ ಒಂದು ವ್ಯವಸ್ಥೆ ಮಾಡಿದ್ದಾರೆ. ಮೊನ್ನೆ ಷಡ್ಡಕನಿಗೆ ಫೋನು ಮಾಡಿ, ಅವನ ಹಜಾರದಲ್ಲಿ 15 ಆಂಪಿನ ಪ್ಲಗ್ ಪಾಯಿಂಟ್ ಇದೆಯೇ, ಮೆಟ್ಟಿಲಿನ ಅಗಲ ಎಷ್ಟು ಎಂದು ವಿಚಾರಿಸಿದರು. ಪ್ಲಗ್ ಪಾಯಿಂಟ್ ಇದೆ ಎಂದ. ಮೆಟ್ಟಿಲನ್ನು ಟೇಪು ಹಿಡಿದು ಅಳೆದೂ ಹೇಳಿದ. ಭಾನುವಾರ ಟೆಂಪೊ ಬರುತ್ತದೆ. ಅಕ್ಕನ ಮನೆಯ ಸಾಮಾನುಗಳ ಪರಿಚಯ ಚೆನ್ನಾಗಿಯೇ ಇರುವ ತನ್ನ ಹೆಂಡತಿಗೆ ಶನಿವಾರ ರಾತ್ರಿ ಊಟವಾದ ಮೇಲೆ ತಿಳಿಸುವುದೆಂದು ಸದ್ಯಕ್ಕೆ ತೀರ್ಮಾನಿಸಿದ್ದಾನೆ.